ಹತ್ತು ರೂಪಾಯಿಯ ಬಾಟಲಿ

ಮುಂಬೈ ಬಳಿಯ ಡೊಂಬಿವಲಿಯ ಓದುಗರೊಬ್ಬರ ಪತ್ರ: "ನಮ್ಮ ಕೆಲಸದ ಬಾಯಿಯ (ಮನೆಗೆಲಸದಾಕೆಯ) ಮಗನ ಕೈಯಲ್ಲಿ ದಿನಾ ಥಂಡಾ ಬಾಟಲಿ. ಫೀಸಿಗೆ ಸಾಲ ಕೇಳುವವರಿಗೆ ಇದಕ್ಕೆ ದುಡ್ಡೆಲ್ಲಿಂದ? ನಾವು ವಡಾಳದ ಚಾಳಿನಲ್ಲಿದ್ದಾಗ ಗೋಲ್ಡ್ ಸ್ಪಾಟ್ ಅನ್ನುವ ಕಿತ್ತಳೆ ಪಾನೀಯ ತರುತ್ತಿದ್ದದ್ದು ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಮಾತ್ರ. ನನ್ನ ಮಗನಿಗೆ ಕೋಲಾ ಕೊಡುವುದೇ ಇಲ್ಲ, ಮಾವಿನ ಜ್ಯೂಸಿನ ಡಬ್ಬ ಅಷ್ಟೇ. ಬಡವರಿಗೆ ತಿಳಿವಳಿಕೆ ಕಮ್ಮಿ ಅಲ್ವಾ?"

ಸಂಪಾದಕರ ಉತ್ತರ:

ಅಲ್ಲ ಅಕ್ಕಾ. ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಪತ್ರದಲ್ಲೇ ಉತ್ತರ ಇದೆ. ಅವತ್ತು ಚಾಳಿನ ಹತ್ತು ಮನೆಗೆ ಗೊತ್ತಾಗುವಂತೆ ಬಾಟಲಿ ತರಿಸಿದ್ದು ಯಾಕೆ? ಅದು ದುಡ್ಡಿದ್ದವರ ಪಾನೀಯ, ಅದಕ್ಕೆ. ನಿಮ್ಮ ಬಾಯಿ ಕೂಡ ಆ ಆಸೆಯನ್ನು ನೋಡುತ್ತಲೇ ಬೆಳೆದವರು. ಬದಲಾಗಿದ್ದು ಬೆಲೆ.

ಕೋಕಾ-ಕೋಲಾ 1977ರಲ್ಲಿ ಇಲ್ಲಿಂದ ಹೋಯಿತು, 1993ರಲ್ಲಿ ವಾಪಸ್ ಬಂತು. 2003ರ ಹೊತ್ತಿಗೆ 200 ಮಿ.ಲೀ. ಬಾಟಲಿಯನ್ನು 5 ರೂಪಾಯಿಗೆ ಇಳಿಸಿತು. ಗುರಿ ಇದ್ದದ್ದೇ ಹಳ್ಳಿಯ ಮತ್ತು ಕಡಿಮೆ ಸಂಪಾದನೆಯ ಗಿರಾಕಿ. 2023ರಲ್ಲಿ ಮತ್ತೆ ಬಂದ ಹಳೆಯ ದೇಶಿ ಕೋಲಾ ಕ್ಯಾಂಪಾದ 200 ಮಿ.ಲೀ.ಗೆ 10 ರೂಪಾಯಿ. ಅಂಗಡಿಯಲ್ಲಿ ಒಂದು ಲೀಟರ್ ನೀರಿನ ಬಾಟಲಿಗೆ ಸುಮಾರು 20. ಬಿಸಿಲಲ್ಲಿ ಶಾಲೆಯಿಂದ ಬರುವ ಹುಡುಗನ ಕೈಯಲ್ಲಿ ಹತ್ತು ರೂಪಾಯಿ ಇದ್ದರೆ ಅವನು ಏನು ಕೊಳ್ಳುತ್ತಾನೆ, ನೀವೇ ಹೇಳಿ. ಅವನಿಗೆ ಕೊಡಿಸಲು ಅವನಮ್ಮನಿಗೆ ಸಾಧ್ಯವಾಗುವ ಸುಖಗಳು ಜಾಸ್ತಿ ಇಲ್ಲ. ಬೈಕು ಬೇಡಿದರೆ ಇಲ್ಲ ಅನ್ನಬೇಕು, ಟ್ಯೂಷನ್ನಿಗೆ ಇಲ್ಲ ಅನ್ನಬೇಕು. ಇದೊಂದಕ್ಕೆ ಹೂಂ ಅನ್ನಬಹುದು.

ದುಡ್ಡಿದ್ದವರ ಪಾನೀಯ ಬಡವರದಾಗುವ ಈ ಅದಲುಬದಲು ಶ್ರೀಮಂತ ದೇಶಗಳಲ್ಲಿ ನಮಗಿಂತ ಮೊದಲೇ ಆಗಿದೆ. ಅಲ್ಲಿ ಸಿಹಿ ಪಾನೀಯ ಜಾಸ್ತಿ ಕುಡಿಯುವುದು ಕಡಿಮೆ ಆದಾಯದ ಮನೆಯವರು. ತಿಳಿವಳಿಕೆಯ ಮಾತು ಬಂತಲ್ಲ, ಮೆಕ್ಸಿಕೋ 2014ರಲ್ಲಿ ಲೀಟರಿಗೆ 1 ಪೆಸೊ ತೆರಿಗೆ ಹಾಕಿತು. ಖರೀದಿ ಎಲ್ಲರಿಗಿಂತ ಜಾಸ್ತಿ ಇಳಿದದ್ದು ಬಡವರ ಮನೆಗಳಲ್ಲಿ. ಬೆಲೆ ಏರಿದ್ದೇ ಅವರು ಕೈ ಹಿಂದೆ ತೆಗೆದರು.

ಆದರೂ ನಿಮ್ಮ ಆತಂಕ ಸುಮ್ನೆ ಅಲ್ಲ. ಫಿನ್‌ಲೆಂಡಿನಲ್ಲಿ 1980ರಿಂದ ಸುಮಾರು 3,600 ಮಕ್ಕಳನ್ನು ಅವರು ದೊಡ್ಡವರಾಗುವವರೆಗೂ ಹಿಂಬಾಲಿಸಿದ್ದಾರೆ. ಚಿಕ್ಕಂದಿನ ಊಟದ ರೀತಿ ಇಪ್ಪತ್ತೊಂದು ವರ್ಷ ಕಳೆದ ಮೇಲೂ ಎಷ್ಟೋ ಜನರಲ್ಲಿ ಹಾಗೇ ಉಳಿದಿತ್ತು. ನಾಲಿಗೆ ಕಲಿತದ್ದನ್ನು ಬೇಗ ಬಿಡುವುದಿಲ್ಲ. ಮುಂದೆ ಒಳ್ಳೆ ನೌಕರಿ ಸಿಕ್ಕರೆ ಆ ಹುಡುಗ ಬಾಟಲಿ ಬಿಟ್ಟಾನು. ರಾತ್ರಿ ಪಾಳಿಯ ದುಡಿಮೆಗೆ ಬಿದ್ದರೆ ಎಚ್ಚರ ಇರುವುದಕ್ಕೇ ಇನ್ನೊಂದು ಹಿಡಿದಾನು.

ಈಗ ನಿಮ್ಮ ಮಗನ ಡಬ್ಬಕ್ಕೆ ಬರೋಣ. 300 ಮಿ.ಲೀ. ಕೋಲಾದಲ್ಲಿ ಸುಮಾರು 32 ಗ್ರಾಂ ಸಕ್ಕರೆ, ಹತ್ತಿರಹತ್ತಿರ ಎಂಟು ಚಮಚ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅದೂ ದೊಡ್ಡವರಿಗೆ. ಹಣ್ಣು ತಿಂದರೆ ಈ ಲೆಕ್ಕಕ್ಕಿಲ್ಲ, ಜ್ಯೂಸ್ ಕುಡಿದರೆ ಇದೆ. ಡಬ್ಬ ತಿರುಗಿಸಿ ಸಣ್ಣ ಅಕ್ಷರ ಓದಿ. ಮಾವಿನ ಪಾನೀಯಗಳಲ್ಲಿ ಕೋಲಾದಷ್ಟೇ, ಕೆಲವದರಲ್ಲಿ ಇನ್ನೂ ಜಾಸ್ತಿ ಸಕ್ಕರೆ ಇರುತ್ತದೆ. ತಮಾಷೆ ನೋಡಿ, 2025ರ ಸೆಪ್ಟೆಂಬರಿನಿಂದ ಕೋಲಾಕ್ಕೆ ಜಿಎಸ್‌ಟಿ ಶೇ. 40, ಗ್ಯಾಸಿಲ್ಲದ ಹಣ್ಣಿನ ಪಾನೀಯಕ್ಕೆ ಶೇ. 5. ಡಬ್ಬದ ಮೇಲಿನ ಮಾವಿನ ಚಿತ್ರ ಸರಕಾರವನ್ನೂ ಒಪ್ಪಿಸಿಬಿಟ್ಟಿದೆ!

ಬಾಯಿಗೆ ಬುದ್ಧಿ ಹೇಳಲು ಹೋಗಬೇಡಿ. ಆ ಹುಡುಗನ ಶಾಲೆಯಲ್ಲಿ ಕುಡಿಯುವ ನೀರು ಸರಿಯಾಗಿ ಬರುತ್ತದಾ ಅಂತ ಕೇಳಿ. ಮನೆಯಲ್ಲಿ ಮಜ್ಜಿಗೆ ಮಾಡುವ ದಿನ ಎರಡು ಲೋಟ ಜಾಸ್ತಿ ಮಾಡಿ, ಒಂದು ನಿಮ್ಮ ಮಗನಿಗೆ, ಒಂದು ಅವನಿಗೆ.