ಮಾತ್ರೆಗೆ ಒತ್ತಕ್ಷರ ಬರಲ್ಲ

ಪ್ರಶ್ನೆ: ನಮಸ್ತೆ ಮೇಡಂ, ನನ್ನ ಮಗನಿಗೆ 9 ವರ್ಷ, 4ನೇ ಕ್ಲಾಸು, ಕನ್ನಡ ಮೀಡಿಯಂ. ಹೋದ ವರ್ಷ ಎಡಿಎಚ್‌ಡಿ, ಅಂದ್ರೆ ಗಮನ ನಿಲ್ಲದ ಚಂಚಲತೆಯ ತೊಂದರೆ ಅಂತ ಹೇಳಿ ಡಾಕ್ಟ್ರು ಬೆಳಿಗ್ಗೆ ತಿಂಡಿ ಆದ್ಮೇಲೆ ಒಂದು ಮಾತ್ರೆ ಶುರು ಮಾಡಿದ್ರು. ಈಗ ಕ್ಲಾಸಲ್ಲಿ ಕೂತ್ಕೋತಾನೆ, ಡೆಸ್ಕ್ ಹತ್ತಲ್ಲ, ಮಿಸ್ಸೇ ಫೋನ್ ಮಾಡಿ ಹೇಳಿದ್ರು. ಆದ್ರೆ ಓದು ಇದ್ದಲ್ಲೇ ಇದೆ. ನಾಲ್ಕು ಸಾಲಿಗೆ ಹತ್ತು ನಿಮಿಷ, ಪುಸ್ತಕ ಅಂದ್ರೆ ಪುಸತಕ ಅಂತ ಬರೀತಾನೆ, ಖ ಘ ಎಲ್ಲಾ ಕ ಗ. ಬಾಯಲ್ಲಿ ಕೇಳಿದ್ರೆ ಮಾತ್ರ ಪಟಪಟ ಉತ್ತರ. ಮಾತ್ರೆಯಿಂದಾನೇ ಹುಡುಗ ಮಂಕಾದ ಅಂತಾರೆ ನಮ್ಮತ್ತೆ, ನಮ್ಮನೆಯವರು ಸೋಮಾರಿ, ನಾಲ್ಕು ಬಿಟ್ರೆ ಸರಿಹೋಗ್ತಾನೆ ಅಂತಾರೆ. ಡೋಸ್ ಜಾಸ್ತಿ ಮಾಡಿಸ್ಬೇಕಾ, ನಿಲ್ಲಿಸ್ಬೇಕಾ?
– ಓದುಗರೊಬ್ಬರು, ತಿಪಟೂರು

ಉತ್ತರ: ಎರಡೂ ಬೇಡ. ನೀವಾಗೇ ಏನೂ ಮಾಡ್ಬೇಡಿ. ಮಾತ್ರೆ ತನ್ನ ಕೆಲಸ ಮಾಡಿದೆ, ಹುಡುಗನ್ನ ಕೂರಿಸಿದೆ. ಅಕ್ಷರ ಕಲಿಸೋದು ಅದರ ಕೆಲಸ ಅಲ್ವೇ ಅಲ್ಲ. ಎಡಿಎಚ್‌ಡಿ ಇರೋ ಮಕ್ಕಳಲ್ಲಿ ಹೆಚ್ಚೂಕಮ್ಮಿ ಮೂರರಲ್ಲಿ ಒಬ್ಬರಿಗೆ ಓದೋದು, ಬರೆಯೋದು ಅಥವಾ ಲೆಕ್ಕದಲ್ಲಿ ಬೇರೇನೇ ಒಂದು ತೊಂದರೆ ಜೊತೆಗಿರುತ್ತೆ, ಅದಕ್ಕೇ ಕಲಿಕಾ ನ್ಯೂನತೆ ಅನ್ನೋದು. ಚಂಚಲ ಅಂತ ಒಂದು ಹೆಸರು ಸಿಕ್ಕ ಕೂಡ್ಲೇ ಎಲ್ಲಾನೂ ಅದರ ತಲೆಗೇ ಕಟ್ಬಿಡ್ತೀವಿ, ಇದು ಕಾಣ್ದೇ ಉಳ್ಕೊಳುತ್ತೆ.

ಮನೇಲೇ ಒಂದು ಕೆಲಸ ಮಾಡಿ. ಭಾನುವಾರ ಬೆಳಿಗ್ಗೆ ಮಾತ್ರೆ ಕೊಟ್ಟು ಒಂದು ಗಂಟೆ ಬಿಟ್ಟು, ಟೀವಿ ಆಫ್ ಮಾಡಿ, ನೀವಿಬ್ರೇ ಕೂತ್ಕೊಳ್ಳಿ. ಒಂದು ಸಣ್ಣ ಕಥೆ ನೀವು ಓದಿ ಹೇಳಿ ಪ್ರಶ್ನೆ ಕೇಳಿ, ಅಷ್ಟೇ ಉದ್ದದ ಇನ್ನೊಂದನ್ನ ಅವನ ಕೈಲಿ ಓದಿಸಿ ಕೇಳಿ. ಮೊದಲನೇದಕ್ಕೆ ಸರಿಯಾಗಿ ಹೇಳಿ ಎರಡನೇದಕ್ಕೆ ತಡವರಿಸಿದ್ರೆ, ಬುದ್ಧಿಗಾಗ್ಲಿ ಆ ಹೊತ್ತಿನ ಗಮನಕ್ಕಾಗ್ಲಿ ಕೊರತೆ ಇಲ್ಲ, ಓದೋದ್ರಲ್ಲೇ ಎಡವ್ತಿದ್ದಾನೆ. ಬರೀ ಗಮನದ ತೊಂದರೆ ಇರೋ ಮಗು ಸಾಲು ಹಾರಿಸುತ್ತೆ, ಮೇಲಿನ ಸಾಲಲ್ಲಿ ಸರಿಯಾಗಿ ಓದಿದ ಪದಾನ ಕೆಳಗೆ ತಪ್ಪು ಓದುತ್ತೆ, ನಿಧಾನ ಕಂದ ಅಂದ್ರೆ ತಾನೇ ತಿದ್ಕೊಳುತ್ತೆ. ಓದಿನ ತೊಂದರೆ ಇರೋ ಮಗು ಎಷ್ಟೇ ಆಸೆಯಿಂದ ಓದಿದ್ರೂ ಅದೇ ಥರದ ಪದಕ್ಕೆ ಬಂದು ನಿಲ್ಲುತ್ತೆ.

ಪುಸತಕ ಅಂದ್ರಲ್ಲ, ಅಲ್ಲಿ ಕಿವಿ ಸರಿಯಾಗೇ ಕೇಳಿಸ್ಕೊಂಡಿದೆ, ಸ ಇದೆ ತ ಇದೆ, ಆದ್ರೆ ತ ಕೆಳಗಿಳಿದು ಒತ್ತಾಗಬೇಕು ಅನ್ನೋದು ಕೈಗೆ ಬಂದಿಲ್ಲ. ನಮ್ಮ ಲಿಪಿ ಓದಿದಂಗೆ ಬರೆಯೋದು, ಸುಲಭ ಅಂತೀವಿ, ಆದ್ರೆ ಗುಣಿತ ಒತ್ತು ಎಲ್ಲಾ ಸೇರಿಸಿದ್ರೆ ಮಗು ಕಣ್ಣಿಗೆ ನೂರಾರು ಆಕಾರ. ಅರ್ಕಾವತ್ತನ್ನೇ ನೋಡಿ, ಬಾಯಲ್ಲಿ ಮೊದಲು ಬರೋ ಸದ್ದು, ಬರೆಯೋದು ಮಾತ್ರ ಅಕ್ಷರ ಆದ್ಮೇಲೆ! ಇನ್ನು ಖ ಘ ಬಗ್ಗೆ ಅಷ್ಟು ತಲೆ ಕೆಡಿಸ್ಕೋಬೇಡಿ, ಮಾತಲ್ಲಿ ನಾವ್ಯಾರು ಮಹಾಪ್ರಾಣ ಬಿಡಿಸಿ ಹೇಳ್ತೀವಿ ಹೇಳಿ, ಅದೊಂದರಿಂದ ಏನೂ ತೀರ್ಮಾನ ಮಾಡೋಕಾಗಲ್ಲ.

ಮನೆ ಪರೀಕ್ಷೆ ಬರೀ ಸುಳಿವು ಅಷ್ಟೇ. ಮೊದಲು ಕಣ್ಣು, ಕಿವಿ ತೋರಿಸಿ, ಆಮೇಲೆ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ರ ಐಕ್ಯೂ ಜೊತೆ ಎಸ್‌ಎಲ್‌ಡಿ (ಅದೇ ಕಲಿಕಾ ನ್ಯೂನತೆ) ಟೆಸ್ಟ್ ಮಾಡ್ಸಿ, ನಿಮ್ಹಾನ್ಸ್‌ನಲ್ಲೇ ತಯಾರಾಗಿರೋದು ನಮ್ಮಲ್ಲಿ ಚೆನ್ನಾಗಿ ಬಳಕೇಲಿದೆ. ನಿಮಗೆ ಬೆಂಗಳೂರಿನ ನಿಮ್ಹಾನ್ಸ್ ಅಥವಾ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಆಗುತ್ತೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳ ಪಟ್ಟೀಲಿ ಕಲಿಕಾ ನ್ಯೂನತೇನೂ ಇದೆ, ಸರ್ಟಿಫಿಕೇಟ್ ಆದ್ರೆ ಮುಂದೆ ಎಸ್ಸೆಸ್ಸೆಲ್ಸಿಗೆ ಹೆಚ್ಚುವರಿ ಟೈಮು, ಬರ್ಕೊಡೋರನ್ನ ಕೇಳೋಕೆ ದಾರಿಯಾಗುತ್ತೆ.

ಮಾತ್ರೆ ಹೆಸರು ನೀವು ಬರ್ದಿಲ್ಲ. ಎಡಿಎಚ್‌ಡಿಗೆ ಕೊಡೋ ಮೀಥೈಲ್‌ಫೆನಿಡೇಟ್ ಸಾದಾ ಮಾತ್ರೆ ಆಗಿದ್ರೆ ಅದು ಸುಮಾರು 4 ಗಂಟೆ ಹೊತ್ತು ಅಷ್ಟೇ, ಅಂದ್ರೆ ಸಂಜೆ 6ಕ್ಕೆ ಹೋಂವರ್ಕ್‌ಗೆ ಕೂರಿಸಿದಾಗ ಅವನ ತಲೇಲಿ ಮಾತ್ರೆ ಇಲ್ವೇ ಇಲ್ಲ, ಎಲ್ಲಾ ಮನೇಲೂ ಜಗಳ ಆಗೋದು ಅದೇ ಹೊತ್ತಿಗೆ. ಅದಕ್ಕೇ ಓದಿನ ವಿಶೇಷ ಪಾಠ ರಜೆ ದಿನ ಬೆಳಿಗ್ಗೆ, 15–20 ನಿಮಿಷದ ತುಂಡು ತುಂಡಾಗಿ ಇಟ್ಕೊಳ್ಳಿ. ತಪ್ಪಾದ ಪದಾನ 50 ಸಲ ಬರೆಸೋ ಇಂಪೊಸಿಷನ್ ಬಿಟ್ಬಿಡಿ, 50 ಸಲ ತಪ್ಪೇ ಬರೀತಾನೆ. ಅತ್ತೆಯವರ ಮಾತನ್ನೂ ತಳ್ಳಿಹಾಕ್ಬೇಡಿ, ನಿಜವಾಗ್ಲೂ ಮಂಕಾಗಿದ್ರೆ, ಮಧ್ಯಾಹ್ನ ಊಟ ಬಿಡ್ತಿದ್ರೆ ಡಾಕ್ಟ್ರಿಗೆ ಹೇಳಿ. ನಿಮ್ಮ ಯಜಮಾನ್ರನ್ನ ಭಾನುವಾರ ಆ ಕಥೆ ಹೊತ್ತಿಗೆ ಬಾಗಿಲ ಹಿಂದೆ ನಿಲ್ಲಿಸಿ, ಸೋಮಾರಿನೋ ಏನು ಅಂತ ಅವರೇ ಕೇಳಿಸ್ಕೊಳ್ಳಲಿ.

ಪ್ರಶ್ನೆ: ಮಗಳು 8ನೇ ಕ್ಲಾಸ್, ತುಂಬಾ ಸೈಲೆಂಟ್, ಆದ್ರೆ ಎಲ್ಲಾ ಮರೀತಾಳೆ, ಲೆಕ್ಕದಲ್ಲಿ ಫೇಲ್. ಓಡಾಡದೇ ಇರೋರಿಗೂ ಎಡಿಎಚ್‌ಡಿ ಬರುತ್ತಾ ಮೇಡಂ?
– ಓದುಗರೊಬ್ಬರು, ಗದಗ

ಉತ್ತರ: ಇರುತ್ತೆ ಸಾರ್. ಬರೀ ಗಮನ ಜಾರೋ ಬಗೆ ಒಂದಿದೆ, ಕಿಟಕಿ ಪಕ್ಕ ಸುಮ್ನೆ ಕೂತಿರೋ ಹುಡುಗೀರಲ್ಲಿ ಅದು ಯಾರ ಕಣ್ಣಿಗೂ ಬೀಳಲ್ಲ, ಮೇಷ್ಟ್ರಿಗೆ ತೊಂದರೆ ಇಲ್ವಲ್ಲ. ಅವಳ ರಫ್ ನೋಟ್‌ಬುಕ್ ತೆಗೆದು ನೋಡಿ. ದಾರಿ ಸರಿ ಇದ್ದು ಮಧ್ಯೆ ಮೈನಸ್ಸನ್ನ ಪ್ಲಸ್ ಮಾಡಿದ್ರೆ ಗಮನದ ಕಡೆ ಅನುಮಾನ. 8ನೇ ಕ್ಲಾಸಲ್ಲೂ 7ಕ್ಕೆ 6 ಕೂಡೋಕೆ ಬೆರಳು ಮಡಿಸ್ತಿದ್ರೆ, ಅರ್ಧ ದೊಡ್ಡದೋ ಕಾಲು ದೊಡ್ಡದೋ ಅಂತ ಗೊಂದಲ ಆಗ್ತಿದ್ರೆ ಡಿಸ್ಕ್ಯಾಲ್ಕ್ಯುಲಿಯಾ, ಅಂದ್ರೆ ಲೆಕ್ಕದ ಕಲಿಕಾ ನ್ಯೂನತೆ ಕೂಡ ನೋಡಿಸ್ಬೇಕು. ಎರಡೂ ಇರಬಹುದು. ಟೆಸ್ಟ್‌ಗೆ ಹೋಗುವಾಗ ಫೇರ್ ಪುಸ್ತಕ ಬೇಡ, ಆ ರಫ್ ನೋಟ್‌ಬುಕ್ಕೇ ತಗೊಂಡೋಗಿ.