ಓದುಗರ ಪ್ರಶ್ನೆ: ಮೊದಲ ರೈಫಲ್ ಯಾವುದು ತಗೊಳ್ಳಲಿ?

ಪ್ರಶ್ನೆ: ಸರ್, ನಾನು ಜಮಖಂಡಿಯವನು, ಈಗ ಎಚ್‌-1ಬಿ ವೀಸಾ ಮೇಲೆ ಅಮೆರಿಕದ ಟೆಕ್ಸಾಸ್‌ನಲ್ಲಿ ಕೆಲಸದಲ್ಲಿದ್ದೇನೆ. ಗೆಳೆಯರೊಬ್ಬರ ಜಮೀನಿನಲ್ಲಿ ಪ್ರೇರಿ ಡಾಗ್ (ಬಿಲದಲ್ಲಿರುವ ಅಳಿಲಿನ ಜಾತಿ) ಮತ್ತು ಕಯೋಟಿ (ತೋಳದ ಜಾತಿಯ ಸಣ್ಣ ಪ್ರಾಣಿ) ಕಾಟ ಜಾಸ್ತಿ, ಹೊಡೆಯೋಕೆ ಬಾ ಅಂತ ಕರೆಯುತ್ತಾರೆ. ಇಂಥ ಸಣ್ಣ ಪ್ರಾಣಿಗಳ ಬೇಟೆಗೆ ಅಲ್ಲಿ ವಾರ್ಮಿಂಟ್ ರೈಫಲ್ ಅಂತಲೇ ಬೇರೆ ಬರುತ್ತದೆ. ತೋಟಾದ ಅಳತೆಯಲ್ಲಿ ಒಬ್ಬರು .22 ಸಾಕು ಅಂತಾರೆ, ಇನ್ನೊಬ್ಬರು .22-250 ಬಿಟ್ಟು ಬೇರೆ ಮುಟ್ಟಬೇಡ ಅಂತಾರೆ. ತಲೆ ಕೆಟ್ಟುಹೋಗಿದೆ.

ಉತ್ತರ: ಕ್ಯಾಲಿಬರ್, ಅಂದರೆ ಆ ಅಳತೆ, ಆಮೇಲೆ ನೋಡೋಣ, ಮೊದಲು ವೀಸಾ. ಎಚ್‌-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಕೊಳ್ಳುವುದನ್ನೂ ಇಟ್ಟುಕೊಳ್ಳುವುದನ್ನೂ ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ಇದಕ್ಕೊಂದು ವಿನಾಯಿತಿ ಇದೆ: ಅಲ್ಲಿನ ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ನಿಮ್ಮ ಹೆಸರಿನಲ್ಲಿ ಚಾಲ್ತಿಯಲ್ಲಿರಬೇಕು. ಗೆಳೆಯರ ಬಂದೂಕನ್ನು ಸುಮ್ನೆ ಕೈಯಲ್ಲಿ ಹಿಡಿದು ನೋಡುವುದಕ್ಕೂ ಇದೇ ನಿಯಮ. ಟೆಕ್ಸಾಸ್ ಲೈಸೆನ್ಸ್ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಮರೆತು ಸೆಪ್ಟೆಂಬರ್‌ನಲ್ಲಿ ಹಾಗೇ ಬಂದೂಕು ಮನೆಯಲ್ಲಿಟ್ಟುಕೊಂಡರೆ ಅದೇ ಅಪರಾಧ, ವೀಸಾಕ್ಕೂ ಪೆಟ್ಟು. 1971ರ ಸೆಪ್ಟೆಂಬರ್ 2 ಮತ್ತು ಆಮೇಲೆ ಹುಟ್ಟಿದವರು ಅಲ್ಲಿ ಬೇಟೆಗಾರರ ತರಬೇತಿಯನ್ನೂ ಮುಗಿಸಬೇಕು. ಮುಗಿಸಿ, ಒಳ್ಳೆಯದೇ.

ಈಗ ಗುಂಡಿನ ಮಾತು. ನನ್ನ ಉತ್ತರ .223 ರೆಮಿಂಗ್ಟನ್. ಯಾಕೆ ಅಂತ ಹೇಳುತ್ತೇನೆ.

.22 ಅಂದರೆ .22 ಲಾಂಗ್ ರೈಫಲ್. 40 ಗ್ರೇನ್ (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ) ಗುಂಡು, ವೇಗ ಸೆಕೆಂಡಿಗೆ ಸುಮಾರು 1,200 ಅಡಿ. ಭಾಳ ಅಗ್ಗ, ಗುರಿ ಕಲಿಯೋಕೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ 100 ಗಜ ದಾಟಿತು ಅಂದರೆ ಗುಂಡು ನೆಲಕ್ಕೆ ಬಾಗುತ್ತದೆ, ಕಯೋಟಿಗೆ ತಗಲಿದರೂ ಗಾಯ ಮಾಡಿ ಬಿಡುತ್ತದೆ. 2002ರಲ್ಲಿ ಬಂದ ಇನ್ನೊಂದು ತೋಟಾ .17 ಎಚ್‌ಎಂಆರ್ 17 ಗ್ರೇನ್ ಗುಂಡನ್ನು 2,550 ಅಡಿ ವೇಗದಲ್ಲಿ ಕಳಿಸುತ್ತದೆ. 150 ಗಜದವರೆಗೆ ಚೆಂದ, ಆದರೆ ಅಷ್ಟು ಹಗುರ ಗುಂಡನ್ನು ಗಾಳಿ ಪಕ್ಕಕ್ಕೆ ತಳ್ಳುತ್ತದೆ. ಆಷಾಢದಲ್ಲಿ ನಮ್ಮ ಕಡೆ ಬೀಸುತ್ತಲ್ಲ, ಅಂಥ ಗಾಳಿ ಆ ಬಯಲಿನಲ್ಲೂ ಇದೆ.

.223ರಲ್ಲಿ 55 ಗ್ರೇನ್ ಗುಂಡು 3,200 ಅಡಿ ವೇಗದಲ್ಲಿ ಹೊರಡುತ್ತದೆ. 250-300 ಗಜದವರೆಗೆ ನೆಚ್ಚಬಹುದು. ಒದೆತ ಕಡಿಮೆ, ಹಾಗಾಗಿ ಗುಂಡು ಎಲ್ಲಿ ಬಿತ್ತು ಅನ್ನುವುದು ಗುರಿ ನೋಡುವ ದುರ್ಬೀನು, ಅಂದರೆ ಸ್ಕೋಪ್‌ನಲ್ಲೇ ಕಾಣುತ್ತದೆ. ತೋಟಾ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. .22-250 ಸಹ ಇದೇ ಗುಂಡನ್ನೇ ಹೊಡೆಯುತ್ತದೆ, ಆದರೆ ಇನ್ನೂ ನಾನೂರು ಅಡಿ ಜಾಸ್ತಿ ವೇಗದಲ್ಲಿ. ಸುಳ್ಳಲ್ಲ, ದೂರಕ್ಕೆ ಅದೇ ಮೇಲು. ಆದರೆ ಮದ್ದು ಜಾಸ್ತಿ ಸುಡುತ್ತದೆ, ನಳಿಗೆ ಬೇಗ ಬಿಸಿಯಾಗುತ್ತದೆ, ಬೇಗ ಸವೆಯುತ್ತದೆ, ತೋಟಾ ದುಬಾರಿ. ಪ್ರೇರಿ ಡಾಗ್ ಬಿಲದಲ್ಲಿ ಗುಂಪಾಗಿ ಇರುತ್ತವೆ, ಒಂದೇ ಕಡೆ ಕೂತು ದಿನವಿಡೀ ಗುಂಡು ಹಾರಿಸುವ ಆಟ ಅದು. ಹೊಸಬರು ಗುರಿ ತಪ್ಪುವುದೇ ಜಾಸ್ತಿ ಅಲ್ವಾ? ತಪ್ಪುವ ಗುಂಡು ಅಗ್ಗವಾಗಿರಲಿ!

ಜಮೀನಿನಲ್ಲಿ ಹಂದಿಯೂ ಇದ್ದರೆ ಮಾತು ಬೇರೆ. ಪ್ಲಾಸ್ಟಿಕ್ ತುದಿಯ ವಾರ್ಮಿಂಟ್ ಗುಂಡು ತಗಲಿದ ತಕ್ಷಣ ಚೂರಾಗುತ್ತದೆ, ದಪ್ಪ ಚರ್ಮದ ಹಂದಿಗೆ ಒಳಗೆ ಇಳಿಯುವುದಿಲ್ಲ. ಹಂದಿ, ಜಿಂಕೆ ಎಲ್ಲಕ್ಕೂ ಒಂದೇ ಬಂದೂಕು ಬೇಕು ಅಂದರೆ .243 ವಿಂಚೆಸ್ಟರ್ ನೋಡಿ.

ಬಂದೂಕಿನ ಹೆಸರಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಸ್ಯಾವೇಜ್, ರೂಗರ್, ಹೋವಾ, ಟಿಕ್ಕಾ, ಯಾವ ಬೋಲ್ಟ್ ಆಕ್ಷನ್ (ಪ್ರತಿ ಗುಂಡಿಗೂ ಕೈಯಿಂದ ಹಿಡಿಕೆ ಎಳೆಯುವ ಬಂದೂಕು) ಆದರೂ ನಡೆಯುತ್ತದೆ. ದಪ್ಪ ನಳಿಗೆ ನಿಧಾನಕ್ಕೆ ಬಿಸಿಯಾಗುತ್ತದೆ, ಕೂತು ಹೊಡೆಯೋಕೆ ಸರಿ. ಕಯೋಟಿ ಹಿಂದೆ ನಡೆಯುವವರಿಗೆ ಅದು ಹೆಗಲಿಗೆ ಭಾರ. ಉಳಿದ ದುಡ್ಡು ಸ್ಕೋಪ್‌ಗೆ ಹಾಕಿ. ಇನ್ನೊಂದು: ನಳಿಗೆಯ ಮೇಲೆ .223 ಅಂತ ಮಾತ್ರ ಬರೆದಿದ್ದರೆ ಅದಕ್ಕೆ 5.56 ತೋಟಾ ಹಾಕಬೇಡಿ. ನೋಡೋಕೆ ಒಂದೇ ಥರ, ಆದರೆ 5.56ರ ಒಳಗಿನ ಒತ್ತಡ ಜಾಸ್ತಿ.

ಪ್ರಶ್ನೆ: ನಮ್ಮದು ಖಾನಾಪುರ ತಾಲ್ಲೂಕು. ಕಾಡುಹಂದಿ ಭತ್ತ, ಕಬ್ಬು ಎರಡನ್ನೂ ಬಿಡುತ್ತಿಲ್ಲ. ಯಾವ ರೈಫಲ್‌ಗೆ ಅರ್ಜಿ ಹಾಕಲಿ? ಕೊಡಗಿನವರಿಗೆ ಲೈಸೆನ್ಸೇ ಬೇಡವಂತೆ, ನಮಗೆ ಯಾಕೆ ಬೇಕು?

ಉತ್ತರ: ನಿಮ್ಮ ಸಿಟ್ಟು ಸರಿ. ಆದರೆ ಬೆಳೆ ರಕ್ಷಣೆಗೆ ಅಂತ 1959ರ ಶಸ್ತ್ರಾಸ್ತ್ರ ಕಾಯ್ದೆ ಹೇಳುವುದು ನಳಿಗೆಯ ಬಾಯಿಯಿಂದ ಮದ್ದು ತುಂಬುವ ಬಂದೂಕು. ಅದು ಸಾಲದು ಅಂತ ಅಧಿಕಾರಿಗೆ ಅನ್ನಿಸಿದರೆ ನುಣುಪು ನಳಿಗೆಯ ಬಂದೂಕು. ನಳಿಗೆಯೊಳಗೆ ಸುರುಳಿ ಗೀರು ಇರುವ ರೈಫಲ್ ಅದರಲ್ಲಿ ಇಲ್ಲವೇ ಇಲ್ಲ. ಅರ್ಜಿ ಡಿಸಿ ಕಚೇರಿಗೆ, ಆಮೇಲೆ ಪೊಲೀಸ್ ವರದಿ.

ಬಂದೂಕಿನ ಲೈಸೆನ್ಸ್ ಬಂತು ಅಂದರೆ ಹಂದಿ ಹೊಡೆಯಬಹುದು ಅಂತ ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. 1972ರ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆದ ಮೇಲೆ ಕಾಡುಹಂದಿ ರಕ್ಷಿತ ಪ್ರಾಣಿಗಳ ಎರಡನೇ ಪಟ್ಟಿಯಲ್ಲಿದೆ. ಬೆಳೆ ಹಾಳು ಮಾಡುವ ಹಂದಿಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪಾಲಕರು ಅಥವಾ ಅವರು ನೇಮಿಸಿದ ಅಧಿಕಾರಿ ಲಿಖಿತ ಆದೇಶ ಕೊಡಬೇಕು. ಅದಿಲ್ಲದೆ ನಿಮ್ಮ ಬಂದೂಕು ಸದ್ದು ಮಾಡಿ ಓಡಿಸೋಕೆ ಅಷ್ಟೇ. ಕೊಡಗಿನದು ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ, ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೆ, ಸದ್ಯ 2029ರವರೆಗೆ. ಅವರೂ ಬೇಟೆ ಆಡುವಂತಿಲ್ಲ.

ಹೊಲದ ಸುತ್ತ ನೇರ ಕರೆಂಟ್ ಕೊಡುವುದು, ಸಿಡಿಮದ್ದು ಇಡುವುದು, ಇವೆರಡನ್ನೂ ದಯವಿಟ್ಟು ಮಾಡಬೇಡಿ. ಹಂದಿಗಿಂತ ಮೊದಲು ನಿಮ್ಮ ಆಳೋ ಎಮ್ಮೆಯೋ ಸಾಯುತ್ತದೆ. ಸೋಲಾರ್ ಬೇಲಿ ಹಾಕಿಸಿ, ಅದು ಬಿಟ್ಟು ಬಿಟ್ಟು ಶಾಕ್ ಕೊಡುತ್ತದೆ, ಕೊಲ್ಲುವುದಿಲ್ಲ. ಅದರ ಬುಡದ ಹುಲ್ಲು ಮಾತ್ರ ಆಗಾಗ ಕೊಯ್ಯಬೇಕು, ತಂತಿಗೆ ಹುಲ್ಲು ತಾಗಿದರೆ ಶಾಕ್ ಇಳಿದುಹೋಗುತ್ತದೆ. ಬೆಳೆ ಹಾಳಾದ ಕೂಡಲೇ ಫೋಟೊ ತೆಗೆದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಿ. ಹೊಲ ಹರಗಿದ ಮೇಲೆ ಹೋದರೆ ಯಾರೂ ನಂಬುವುದಿಲ್ಲ.

ಪ್ರಶ್ನೆ: ತಿಕೋಟಾದಲ್ಲಿ ದ್ರಾಕ್ಷಿ ತೋಟ ಇದೆ. ಗಿಳಿ, ನವಿಲು ಹೊಡೆಯಲು ಏರ್‌ಗನ್ ತರಬಹುದಾ? ಅದಕ್ಕೆ ಲೈಸೆನ್ಸ್ ಬೇಡ ಅಂತಾರೆ.

ಉತ್ತರ: .177 ಬೋರ್ (ನಳಿಗೆಯ ಒಳ ಅಗಲ), 20 ಜೂಲ್ ಶಕ್ತಿಯ ಒಳಗಿನ ಏರ್‌ಗನ್‌ಗೆ ಲೈಸೆನ್ಸ್ ಬೇಡ, ನಿಜ. ಡಬ್ಬಿ ಇಟ್ಟು ಗುರಿ ಹೊಡೆಯಿರಿ, ಯಾರೂ ಕೇಳುವುದಿಲ್ಲ. ಆದರೆ ನವಿಲು ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯ ಪಕ್ಷಿ, ಗಿಳಿಗೂ ಕಾಯ್ದೆಯ ರಕ್ಷಣೆ ಇದೆ. ಹೊಡೆದರೆ ಜೈಲು, ಯಾವ ಬಂದೂಕಿನಿಂದ ಹೊಡೆದಿರಿ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಕಾಯಿಗೆ ಸಿಹಿ ಇಳಿಯುವ ಮುಂಚೆಯೇ ಬಲೆ ಹೊದಿಸಿ, ಪಕ್ಕಗಳನ್ನೂ ನೆಲದವರೆಗೆ ಮುಚ್ಚಿ. ನವಿಲು ನಡೆದುಕೊಂಡೇ ಒಳಗೆ ಬರುತ್ತದೆ.