ಕಪ್ಪತಗುಡ್ಡದ ಡೇಟಾ ಹಿಡ್ಕೊಂಡು ಹಿಮಾಲಯದ ವಿಜ್ಞಾನಿಗಳ ಮುಂದ ಹೋದ್ರ ನಗ್ತಾರೇನ್ರಿ?

ಧಾರವಾಡದಾಗ ಎಂಎಸ್ಸಿ, ಕೈಯಾಗ ಕಪ್ಪತಗುಡ್ಡದ ಎರಡು ವರ್ಷದ ಉಷ್ಣಾಂಶ, ಪರ್ವತಗಳ ಹವಾಮಾನ ಬದಲಾವಣಿ ಬಗ್ಗೆ ವಿಜ್ಞಾನಿಗಳು ಸೇರೂ ಸಭಾಕ್ಕ ನಿಮ್ಮ ಅಧ್ಯಯನದ ಪೋಸ್ಟರ್ ಸೆಲೆಕ್ಟ್ ಆಗೇತಿ, 'ನಮ್ಮ ಕಡೆ ಹಿಮ ಇಲ್ಲಲ್ಲ, ಹೋಗ್ಲೋ ಬ್ಯಾಡೋ' ಅಂತ ಕೇಳೀರಿ. ಓದಿ ಎದಿ ಧಸಕ್ಕಂತು ನೋಡ್ರಿ, ಯಾಕಂದ್ರ ಇದು ಪೂರಾ ನಂದ ಕತಿ.

2016ರಾಗ ನಾನೂ ಹೋಗಿದ್ದೆ. ಸುಭಾಸ ರೋಡಿನಾಗ ಪೋಸ್ಟರ್ ಪ್ರಿಂಟ್ ಹಾಕ್ಸಿ, ಪಿವಿಸಿ ಪೈಪಿನೊಳಗ ಸುತ್ತಿ ಇಟ್ಟು, ಎರಡು ರಾತ್ರಿ ಟ್ರೇನಿನಾಗ ಅದನ್ನ ಬಗಲಾಗ ಮಲಗಿಸ್ಕೊಂಡು ಉತ್ತರಾಖಂಡ ಮುಟ್ಟಿದೆ. ದಾರ್‍ಯಾಗ ಒಬ್ಬವ ಪ್ಲಂಬರ್ ಏನು ಅಂತ ಕೇಳಿದ. ಪೋಸ್ಟರಿನ ಮ್ಯಾಲೆ ದಪ್ಪ ಅಕ್ಷರದಾಗ ಏನಿತ್ತು ಅಂದ್ರ, ಕಪ್ಪತಗುಡ್ಡದ ಏರಿನಾಗ ಒಂದ ವರ್ಷದಾಗ 0.7 ಡಿಗ್ರಿ ಬಿಸಿ ಹೆಚ್ಚಾಗೇತಿ ಅಂತ. ಅದನ್ನ ಬರ್‍ಯೂಮುಂದ ಎಷ್ಟ್ ಹೆಮ್ಮಿ ಇತ್ತೋ, ಈಗ ನೆನಸ್ಕೊಂಡ್ರ ಅಷ್ಟ ನಾಚಿಕಿ.

ಆಗಿದ್ದು ಏನು ಅಂದ್ರ, 2014ರ ಜನವರಿಗೆ ಎರಡು ಲಾಗರ್ (ಉಷ್ಣಾಂಶ ತಾನ ಬರಕೊಳ್ಳೂ ಸಣ್ಣ ಯಂತ್ರ) ಹಾಕಿದ್ದೆ. ಒಂದು ಡೋಣಿ ಕಡೆ ಬುಡಕ್ಕ, ಇನ್ನೊಂದು ಗಾಳಿಗುಂಡಿ ಬಸವಣ್ಣನ ಕಡೆ ಹೋಗೂ ಏರಿನಾಗ, ತಾಸಿಗೊಂದು ರೀಡಿಂಗು. ಬಿಳಿ ಪ್ಲಾಸ್ಟಿಕ್ ತಾಟು ಒಂದರ ಮ್ಯಾಲೊಂದು ಜೋಡ್ಸಿ ನೇರ ಬಿಸಲು ಬೀಳದಂಗ, ಗಾಳಿ ಆಡೂಹಂಗ ನೆರಳೂ ಮಾಡಿದ್ದೆ, ಅದರಾಗ ನಂದು ತಪ್ಪಿಲ್ಲ. 2015ರ ಮಾರ್ಚಿನಾಗ ಒಣ ಹುಲ್ಲಿಗೆ ಬೆಂಕಿ ಬಿತ್ತು. ಬ್ಯಾಸಗಿಗೆ ಕಪ್ಪತಗುಡ್ಡಕ್ಕ ಬೆಂಕಿ ಹತ್ತೂದು ಗದಗಿನ ಮಂದಿಗೆ ಹೊಸಾದೇನಲ್ಲ. ಮ್ಯಾಲಿನ ಬಿದಿರಿನ ಕಂಬ ಸುಟ್ಟು ಬೂದಿ ಆತು, ಲಾಗರ್ ಮಾತ್ರ ಬ್ಯಾಟರಿ ಬದಲಿ ಮಾಡಾಕಂತ ಹಿಂದಿನ ವಾರ ಬಿಚ್ಕೊಂಡು ಬಂದಿದ್ದೆ, ಉಳೀತು.

ಹೊಸ ಕಂಬ ಹೆಗಲ ಮ್ಯಾಲೆ ಹೊತ್ಕೊಂಡು ಏಪ್ರಿಲ್ ಬಿಸಲಾಗ ಹತ್ತಿದೆ. ಅರ್ಧಕ್ಕ ದಮ್ಮು ಹತ್ತಿತು. ಕುರಿ ಕಾಯೋರು ಕುಂದ್ರೂ ಒಂದು ಸಪಾಟ ಜಾಗ ಸಿಕ್ತು, ಅದ ಗುಡ್ಡ, ಅದ ಏರು, ಏನ್ ಫರಕ್ ಅಂದ್ಕೊಂಡು ಅಲ್ಲೇ ಹುಗುದು ಇಳದು ಬಂದೆ. ನೋಟ್‌ಬುಕ್ಕಿನಾಗ ಬರದದ್ದು ಇಷ್ಟ: 'ಲಾಗರ್ ಮತ್ತ ಹಾಕಿದೆ.' ಎಲ್ಲಿ ಅಂತ ಇಲ್ಲ, ಎತ್ತರ ಇಲ್ಲ, ಒಂದು ಫೋಟೋ ಇಲ್ಲ.

ಪೋಸ್ಟರ್ ಮುಂದ ಒಬ್ರು ಹಿರಿಯ ಮೇಡಂ ಬಂದ್ರು, ಹಿಮನದಿ ಅಳತಿ ಮಾಡೋರು. ಗ್ರಾಫ್ ನೋಡಿ ಕೇಳಿದ್ದು ಒಂದ ಮಾತು: ಎರಡೂ ವರ್ಷ ಲಾಗರ್ ಅದ ಜಾಗದಾಗ ಇತ್ತಾ? ನಾ ಸ್ವಲ್ಪ ಕೆಳಗ ಬಂತ್ರಿ ಅಂದೆ. ಸ್ವಲ್ಪ ಅಂದ್ರ ಎಷ್ಟು ಮೀಟರ್? ಗೊತ್ತಿಲ್ಲ. ನನ್ನ ಬಾಯಿಂದ ಆ 'ಗೊತ್ತಿಲ್ಲ' ಬಂದ ಮ್ಯಾಲೆ ಅವರಿಗೆ ಕೇಳೂದೇನೂ ಉಳೀಲಿಲ್ಲ.

ಊರಿಗೆ ಬಂದು ಜಿಪಿಎಸ್ ತಗೊಂಡು ಹತ್ತಿ ನೋಡಿದೆ, ಹೆಚ್ಚುಕಡಿಮಿ 90 ಮೀಟರ್ ಕೆಳಗ. ಈಗ ಲೆಕ್ಕ ಹಾಕ್ರಿ. ಮ್ಯಾಲೆ ಹೋದಂಗ ಗಾಳಿ ಸರಾಸರಿ ಕಿಲೋಮೀಟರಿಗೆ 6.5 ಡಿಗ್ರಿ ತಣ್ಣಗಾಗ್ತೈತಿ, ಅಂದ್ರ 90 ಮೀಟರ್ ಇಳದ್ರ ಸುಮಾರು 0.6 ಡಿಗ್ರಿ ತಾನ ಹೆಚ್ಚು ತೋರಸ್ತೈತಿ. ನನ್ನ 0.7ರಾಗ 0.6 ನನಗ ದಮ್ಮು ಹತ್ತಿದ್ದರದು. ಉಳದ 0.1? 2015 ಎಲ್ ನಿನೋ (ಪೆಸಿಫಿಕ್ ಸಮುದ್ರ ಬಿಸಿ ಆಗೂ) ವರ್ಷ, ಮಳಿ ಕೈ ಕೊಟ್ಟಿತ್ತು, ಅದರದೋ ಮತ್ತೊಂದರದೋ ಹೇಳಾಕ ಆಗೂದಿಲ್ಲ. ಜಾಗ ಸರಿದದ್ದು ದೊಡ್ಡ ತಪ್ಪಲ್ರಿ, ಬೆಂಕಿ ಬಿದ್ರ ಸರೀಬೇಕ. ಬರೀಲಿಲ್ಲಲ್ಲ, ಅದು. ಎರಡು ಲೈನ್ ಬರದಿದ್ರ ಎತ್ತರದ ಫರಕ್ ಕಳದು, ಪೂರಾ ಅಲ್ಲದಿದ್ರೂ, ಒಂದಿಷ್ಟ ಡೇಟಾ ಉಳಸ್ಕೊಬಹುದಿತ್ತು. ಇನ್ನೂ ಶಾಣ್ಯಾ ಆಗಿದ್ರ ಹಳೇ ಜಾಗಕ್ಕೂ ಇನ್ನೊಂದು ಲಾಗರ್ ಹಾಕಿ, ಕೆಲವು ತಿಂಗಳು ಎರಡನ್ನೂ ಕೂಡೇ ಓಡಸ್ತಿದ್ದೆ.

ಮರುದಿನ ಚಹಾ ಕುಡಿಯೂಮುಂದ ಆ ಮೇಡಂ ತಾವ ಕರದು ಕೂಡಿಸ್ಕೊಂಡು ಹೇಳಿದ್ರು. ಹಿಮನದಿಯೊಳಗ ತೂತು ಕೊರದು ಬಿದಿರಿನ ಕೋಲು ಇಳಸ್ತಾರಂತ, ಮಂಜು ಕರಗಿದಷ್ಟು ಕೋಲು ಹೊರಗ ಕಾಣ್ತೈತಿ, ಅದನ್ನ ಅಳೀತಾರ. ಹಿಮಾಚಲದ ಲಾಹೌಲದಾಗಿರೂ ಛೋಟಾ ಶಿಗ್ರಿ ಹಿಮನದಿಯೊಳಗ 2002ರಿಂದ ಇಂಥಾ ಅಳತಿ ನಡದೈತಿ. ಆದ್ರ ಹಿಮನದಿ ಅನ್ನೂದು ಮೆಲ್ಲಕ ಹರ್‍ಯೂದು, ಅದರ ಕೂಡ ಕೋಲೂ ಸರೀತೈತಿ, ಅದಕ್ಕ ಹೋದಾಗೊಮ್ಮೆ ಕೋಲಿನ ಜಾಗ ಬರಕೋತಾರ. 'ನಮ್ಮ ನೆಲಾನ ನಡೀತೈತಿ, ನಾವು ಬರಕೋತೀವಿ. ನಿನ್ನ ಗುಡ್ಡ ನಿಂತ ಜಾಗದಾಗ ನಿಂತೈತಲ್ಲಪ್ಪಾ' ಅಂದ್ರು. ಅವರ ಪ್ರಾಜೆಕ್ಟಿನಾಗ ನನ್ನ ತಗೊಳೂ ಮಾತು ಮೊದಲ ಇ-ಮೇಲಿನಾಗ ನಡದಿತ್ತು. ಆಮ್ಯಾಲೆ ಮೇಲ್ ಬರಲಿಲ್ಲ. ಅವರದೇನೂ ತಪ್ಪಿಲ್ಲ. ನಾನಿದ್ರೂ ಹಂಗ ಮಾಡ್ತಿದ್ದೆ. ಈಗ ಹಾವೇರಿ ಕಡೆ ಹೈಸ್ಕೂಲಿನಾಗ ಮಾಸ್ತರಕಿ ಮಾಡ್ತೀನಿ.

ಅದಕ್ಕ 'ಹಿಮ ಇಲ್ಲ' ಅನ್ನೂ ನಿಮ್ಮ ಪ್ರಶ್ನೀನ ತಪ್ಪು. ಅಲ್ಲಿ ಯಾರೂ ಹಿಮ ಕೇಳಲಿಲ್ಲ. ಆ ಮಂದಿಗೆ ದೊಡ್ಡ ತಲಿಬ್ಯಾನಿ ಏನಂದ್ರ ಎತ್ತರದಾಗ ಅಳತಿನ ಕಡಿಮಿ, ಹವಾಮಾನ ಕೇಂದ್ರ ಎಲ್ಲಾ ಮನಷ್ಯಾರು ಮುಟ್ಟೂ ಕಣಿವ್ಯಾಗ ಅದಾವ. ಎತ್ತರ ಹೋದಂಗ ಬಿಸಿ ಏರೂ ವೇಗಾನೂ ಬದಲಾಗ್ತೈತೇನು ಅಂತ ನೋಡಬೇಕಾದ್ರ ಬುಡಕ್ಕೊಂದು ತುದಿಗೊಂದು ಅಳತಿ ಬೇಕು. ಹಿಮ ಕರಗಿ ಕರಿ ನೆಲ ತೆರಕೊಂಡ್ರ ಬಿಸಲು ಹೆಚ್ಚು ಹೀರ್ತೈತಿ, ಎತ್ತರದಾಗ ಬಿಸಿ ಜೋರ ಏರಾಕ ಅದು ಒಂದು ಕಾರಣ. ನಮ್ಮ ಗುಡ್ಡದಾಗ ಆ ಆಟ ಇಲ್ಲ ಖರೆ, ಅದನ್ನ ಪೋಸ್ಟರಿನಾಗ ಬಿಚ್ಚಿ ಬರದು ಬಿಡ್ರಿ.

ಇನ್ನ ನಿಮ್ಮ ಟೈಟಲ್ಲಿಂದ 'ಹವಾಮಾನ ಬದಲಾವಣಿ' ತಗೀರಿ. 30 ವರ್ಷದ ಸರಾಸರಿಗೆ ಹವಾಮಾನ ಅಂತಾರ, ನಿಮ್ಮ ಕಡೆ ಎರಡು ವರ್ಷ ಐತಿ. ಏರೂ ಗೆರಿ ಎಳದ್ರೆಂದ್ರ ನನ್ನ ಗತಿ. ಗೆರಿ ಬದಲಿಗೆ ಕಂಬದ ಫೋಟೋ, ಎತ್ತರ, ಯಾವ ದಿನ ಏನ್ ಬದಲಿ ಆತು, ಅದನ್ನ ಹಾಕ್ರಿ. ನನ್ನ ಕೇಳಿದ್ರ ಲಾಗರಿಗಿಂತ ಗಿಡ ಎಣಸೂದು ಛಲೋ, ಔಷಧಿ ಗಿಡಕ್ಕ ಹೆಸರಾದ ಗುಡ್ಡ ಅದು. ಗ್ಲೋರಿಯಾ ಅಂತ ಒಂದು ಜಾಲ ಐತಿ, 2001ರಿಂದ ಯುರೋಪಿನ ಶಿಖರಗಳ ಮ್ಯಾಲೆ ಒಂದೊಂದು ಮೀಟರಿನ ಚೌಕ ಗುರುತು ಮಾಡಿ, ಫೋಟೋ ಹಿಡದು, ವರ್ಷಗಟ್ಲೆ ಬಿಟ್ಟು ಮತ್ತ ಅದ ಚೌಕಕ್ಕ ಬಂದು ಗಿಡ ನೋಡ್ತಾರ. ಅದ ಚೌಕಕ್ಕ ಅನ್ನೂದನ್ನ ಇನ್ನೊಮ್ಮೆ ಓದ್ರಿ.

ನೆಟ್ ಪರೀಕ್ಷಾ ತಯಾರಿ ಕೆಡ್ತೈತಿ, ರೊಕ್ಕ ಹೊಂದಸೂದು ಹೆಂಗ ಅಂತಾನೂ ಕೇಳೀರಿ, ಅದಕ್ಕ ನನ್ನ ಹತ್ರ ಉತ್ತರ ಇಲ್ಲ, ಹೋಗಿ ಬರ್‍ರಿ ಅಷ್ಟ. ಒಂದು ಮಾತ್ರ, 2019ರಾಗ ಕಪ್ಪತಗುಡ್ಡ ವನ್ಯಜೀವಿ ಧಾಮ ಆಗೇತಿ, ಹೊಸ ಕಂಬ ಹಾಕೂದಿದ್ರ ಅರಣ್ಯ ಇಲಾಖೆ ಪರವಾನಗಿ ಮೊದಲ ತಗೀರಿ. ನನ್ನ ಹಳೇ ಕಂಬದ ಬುಡಕ್ಕ ಪೇರಿಸಿದ್ದ ಕಲ್ಲು ಅಲ್ಲೇ ಇರಬೇಕು. ಹತ್ತೂ ದಿನ ಹೇಳ್ರಿ, ಐತವಾರ ಇದ್ರ ನಾನೂ ಬರ್ತೀನಿ, ನೋಟ್‌ಬುಕ್ ನೀವ ತರ್‍ರಿ.